ಸೀರಿಯಲ್ ಕೇಬಲ್ ಕಿತ್ತು ಬ್ಲೂಟೂತ್ ಹಾಕಿದಾಗ

ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಹವ್ಯಾಸಿಗಳಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ: ಎಚ್‌ಸಿ-05 ಎಂಬ ಬ್ಲೂಟೂತ್ ಮಾಡ್ಯೂಲ್ ಬಳಸಿದರೆ ಎರಡೂ ತುದಿಯಲ್ಲಿ ಒಂದೇ ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ, ಉದಾಹರಣೆಗೆ 9600) ಇರಲೇಬೇಕು. ಬೇಕಿಲ್ಲ! ಆ 9600 ಎನ್ನುವುದು ಮಾಡ್ಯೂಲಿಗೂ ಬೋರ್ಡಿನ ಮೈಕ್ರೊಕಂಟ್ರೋಲರ್ ಚಿಪ್ಪಿಗೂ ನಡುವಿನ ಗೇಣುದ್ದದ ತಂತಿಯ ಲೆಕ್ಕ. ರೇಡಿಯೊ ತನ್ನ ಪಾಡಿಗೆ ಸೆಕೆಂಡಿಗೆ ಕನಿಷ್ಠ 10 ಲಕ್ಷ ಬಿಟ್ ವೇಗದಲ್ಲಿ ಓಡುತ್ತದೆ. ಒಂದು ಕಡೆ 9600, ಇನ್ನೊಂದು ಕಡೆ 115200 ಇದ್ದರೂ, ವೇಗದ ಕಡೆಯಿಂದ ಒಂದೇ ಸಮನೆ ಸುರಿಯದಿದ್ದರೆ, ಅಕ್ಷರಗಳು ಸರಿಯಾಗಿ ತಲುಪುತ್ತವೆ.

ಬ್ಲೂಟೂತ್ ಹುಟ್ಟಿದ್ದೇ ಕೇಬಲ್ ಕೀಳುವುದಕ್ಕೆ. 1994ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ, ಎರಿಕ್ಸನ್ ಕಂಪನಿಯ ಯಾಪ್ ಹಾರ್ಟ್‌ಸೆನ್ ಈ ಕೆಲಸಕ್ಕೆ ಕೈಹಾಕಿದರು. ಬ್ಲೂಟೂತ್ ಒಳಗಿನ ಆರ್‌ಎಫ್‌ಕಾಮ್ ಎಂಬ ಸಾಫ್ಟ್‌ವೇರ್ ಪದರ, ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಕೇಬಲ್ಲಿನ ನಿಯಂತ್ರಣ ಸಂಕೇತಗಳನ್ನೂ ಬಿಡದೆ ಅನುಕರಿಸುತ್ತದೆ. ಹಾಗಾಗಿ ಕಂಪ್ಯೂಟರಿಗೆ ಕಾಣುವುದು ಇನ್ನೊಂದು ಕಾಮ್ ಪೋರ್ಟ್, ಅಂದರೆ ಸೀರಿಯಲ್ ಕೇಬಲ್ ಸಿಕ್ಕಿಸುವ ಕಿಂಡಿ. ಹಳೆಯ ಪ್ರೋಗ್ರಾಮಿಗೆ ತಂತಿ ಹೋದದ್ದೇ ಗೊತ್ತಾಗುವುದಿಲ್ಲ. ಎಷ್ಟು ಸೊಗಸಾದ ಉಪಾಯ!

ಆದರೆ ಕೇಬಲ್ ಬೈಟ್‌ಗಳ ಜೊತೆಗೆ ಅವುಗಳ ನಡುವಿನ ಸಮಯದ ಅಂತರವನ್ನೂ ಒಯ್ಯುತ್ತಿತ್ತು. ಬ್ಲೂಟೂತ್ ಅದನ್ನು ಒಯ್ಯುವುದಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯ 79 ಚಾನೆಲ್‌ಗಳ ನಡುವೆ ಅದು ಸೆಕೆಂಡಿಗೆ 1600 ಸಲ ನೆಗೆಯಬಲ್ಲದು. ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಟೈಲ್ 1942ರಲ್ಲಿ ಪೇಟೆಂಟ್ ಪಡೆದದ್ದೂ ಇಂಥದೇ ನೆಗೆತಕ್ಕೆ: ಟಾರ್ಪೆಡೊಗೆ ಕಳಿಸುವ ಸಂಕೇತವನ್ನು ಶತ್ರು ಕೆಡಿಸದಿರಲೆಂದು ಅವರು ಯೋಚಿಸಿದ್ದು, ಪಿಯಾನೊ ಕೀಲಿಗಳಷ್ಟೇ, 88 ಆವರ್ತನಗಳನ್ನು. ವೈಫೈ ಗದ್ದಲದಲ್ಲಿ ಒಂದು ಪ್ಯಾಕೆಟ್ (ಒಟ್ಟಿಗೆ ಕಟ್ಟಿ ಕಳಿಸುವ ಬೈಟ್‌ಗಳ ಗಂಟು) ಹಾಳಾದರೆ ಮುಂದಿನ ನೆಗೆತದಲ್ಲಿ, ಬೇರೆ ಚಾನೆಲ್‌ನಲ್ಲಿ, ಮತ್ತೆ ಹೋಗುತ್ತದೆ. ಮಾಹಿತಿ ಕೆಡುವುದಿಲ್ಲ, ತಡವಾಗುತ್ತದೆ. ಬಸ್‌ಸ್ಟ್ಯಾಂಡಿಗೆ ಒಬ್ಬೊಬ್ಬರಾಗಿ ಬಂದವರು ಮುಂದಿನ ಊರಲ್ಲಿ ಗುಂಪಾಗಿ ಇಳಿದಂತೆ, ಬಿಡಿಬಿಡಿಯಾಗಿ ಹೊರಟ ಬೈಟ್‌ಗಳು ಒಟ್ಟಾಗಿ ಬಂದು ಬೀಳುತ್ತವೆ.

ಮಾಡ್‌ಬಸ್ ಆರ್‌ಟಿಯು ಎಂಬ ಸೀರಿಯಲ್ ಸಂದೇಶ ಪದ್ಧತಿ ಬಳಸುವ ಮೀಟರುಗಳು ಕೈಕೊಡುವುದು ಇಲ್ಲೇ. ಅದರಲ್ಲಿ ಮೂರೂವರೆ ಅಕ್ಷರ ಕಳಿಸುವಷ್ಟು ಹೊತ್ತಿನ ಮೌನವೇ ಸಂದೇಶ ಮುಗಿಯಿತೆಂಬ ಗುರುತು. 9600ರಲ್ಲಿ ಸುಮಾರು 4 ಮಿಲಿಸೆಕೆಂಡ್. ಪ್ಯಾಕೆಟ್ ತಡವಾಗಿ ನಡುವೆ ಅಷ್ಟು ಬಿಡುವು ಬಿದ್ದರೆ ಒಂದು ಸಂದೇಶ ಎರಡು ಚೂರಾಗುತ್ತದೆ. ಆಗ ಜನ ಮಾಡ್ಯೂಲೇ ಕಳಪೆ ಎಂದು ಬೈದು ಇನ್ನೊಂದು ಕೊಳ್ಳುತ್ತಾರೆ. ಸ್ವಂತ ಪ್ರಾಜೆಕ್ಟ್ ಆದರೆ ಪ್ರತಿ ಸಂದೇಶಕ್ಕೂ ಆರಂಭದ ಗುರುತು, ಉದ್ದ, ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ) ಸೇರಿಸಿ. ಬೈಟ್ ಯಾವಾಗ ಬಂದರೂ ಪ್ರೋಗ್ರಾಮ್ ಗಡಿಯಾರ ನೋಡದೆ ಸಂದೇಶ ಜೋಡಿಸಿಕೊಳ್ಳುತ್ತದೆ.