ಮೊದಲು ಹೆಲ್ಪ್ ಕೇಳಿ, ಆಮೇಲೆ ಗೂಗಲ್

ಗಾಡಿ ನಂಬರಿನ ಮುಂದಿರುವ ‘ಕೆಎ20’ ತೆಗೆದು, ಉಳಿದದ್ದನ್ನು ಮಾತ್ರ ಬಿಲ್ಲಿನಲ್ಲಿ ಅಚ್ಚು ಹಾಕಬೇಕು. ಮಲ್ಪೆಯಿಂದ ಮೀನು ಸಾಗಿಸುವ ಲಾರಿಗಳ ಬಾಡಿಗೆ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆಯುವಾಗ ಬರುವ ಸಾದಾ ಕೆಲಸ ಇದು. ಮಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಇದನ್ನೇ ಮೊದಲ ಅಭ್ಯಾಸವಾಗಿ ಕೊಡುತ್ತೇನೆ. ಜಾಸ್ತಿ ಜನ ಪೈಥಾನ್ ಭಾಷೆಯ ‘ಎಲ್‌ಸ್ಟ್ರಿಪ್’ ಎಂಬ ಫಂಕ್ಷನ್ ಹಿಡಿಯುತ್ತಾರೆ. ನೆಟ್‌ನಲ್ಲಿ ಹುಡುಕಿದಾಗ ‘ಎಡಗಡೆಯಿಂದ ತೆಗೆಯುತ್ತದೆ’ ಎಂಬ ಒಂದು ಸಾಲು ಸಿಕ್ಕಿರುತ್ತದೆ. ಅವರಿಗೆ ಅಷ್ಟೇ ಸಾಕು.

‘ಕೆಎ20ಬಿ4567’ ಕೊಟ್ಟರೆ ‘ಬಿ4567’ ಬರುತ್ತದೆ. ಸಿ ಸರಣಿ, ಡಿ ಸರಣಿಯ ಗಾಡಿಗಳಿಗೂ ಸರಿಯಾಗಿ ಬರುತ್ತದೆ. ಖುಷಿಯಿಂದ ಕೋಡ್ ಒಪ್ಪಿಸುತ್ತಾರೆ. ಆಗ ನಾನು ‘ಕೆಎ20ಎಎ0256’ ಹಾಕುತ್ತೇನೆ. ‘ಎಎ0256’ ಬರಬೇಕಿತ್ತು. ಬರುವುದು ಬರೀ ‘56’. “ಸರ್, ಕೋಡ್ ಸರಿ ಉಂಟು, ನಿಮ್ಮ ಗಾಡಿ ನಂಬರೇ ಎಂತದೋ ವಿಚಿತ್ರ” ಎಂದು ಒಬ್ಬಳು ಹೇಳಿದ್ದೂ ಉಂಟು.

ಇಲ್ಲಿ ನಾನು ಉತ್ತರ ಹೇಳುವುದಿಲ್ಲ. ಪೈಥಾನ್ ತೆರೆದು ‘ಹೆಲ್ಪ್’ ಎಂದು ಬರೆದು, ಬ್ರ್ಯಾಕೆಟ್ ಒಳಗೆ ‘ಎಸ್‌ಟಿಆರ್’, ಒಂದು ಚುಕ್ಕೆ, ಆಮೇಲೆ ಆ ಫಂಕ್ಷನ್ನಿನ ಹೆಸರು ಹಾಕಿ ಎನ್ನುತ್ತೇನೆ. ಎರಡೇ ಸಾಲು ಬರುತ್ತದೆ. ಏನೂ ಕೊಡದಿದ್ದರೆ ಮುಂದಿನ ಖಾಲಿ ಜಾಗ ತೆಗೆಯುತ್ತದೆ. ಅಕ್ಷರಗಳನ್ನು ಕೊಟ್ಟರೆ, ಖಾಲಿ ಜಾಗದ ಬದಲು ಆ ಗುಂಪಿನಲ್ಲಿರುವ ಅಕ್ಷರಗಳನ್ನು ತೆಗೆಯುತ್ತದೆ. ಅಂದರೆ ‘ಕೆಎ20’ ಎಂಬ ಇಡೀ ತುಂಡು ಅದಕ್ಕೆ ಲೆಕ್ಕಕ್ಕೇ ಇಲ್ಲ. ಕೆ, ಎ, 2, 0 ಇವುಗಳಲ್ಲಿ ಯಾವುದು ಕಂಡರೂ ತೆಗೆಯುತ್ತಾ ಹೋಗುತ್ತದೆ. ಬೇರೆ ಅಕ್ಷರ ಎದುರಾದ ಮೇಲೆಯೇ ನಿಲ್ಲುತ್ತದೆ. ಎಎ ಸರಣಿಯ ಗಾಡಿಯಲ್ಲಿ ಅದು ನಿಂತದ್ದು 5ರ ಹತ್ತಿರ. ಕಾರಣ ತಂತಾನೇ ಬಿಡಿಸಿಕೊಂಡಿತು.

ಹೀಗೆ ಭಾಷೆಯ ಜೊತೆಗೇ ಬರುವ ಸಹಾಯದ ಉಪಕರಣಗಳನ್ನು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಹೇಳಿದರೂ ‘ನೆಟ್ ಇಲ್ಲದಾಗ ಉಪಯೋಗಕ್ಕೆ ಬರುತ್ತದೆ’ ಎಂದು ಮುಗಿಸುತ್ತಾರೆ. ಆ ಲಾಭ ಇದೆ, ಇಲ್ಲ ಎನ್ನುವುದಿಲ್ಲ. ಜುಲೈ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ಊರು ನಮ್ಮದು. ಬೆಂಗಳೂರಿನ ರೈಲು ಹತ್ತಿದರೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ. ಅಲ್ಲಿ ಕೂತು ಕೋಡ್ ಬರೆಯುವವರಿಗೆ ಮೊಬೈಲ್ ಸಿಗ್ನಲ್ ನಂಬಿ ಪ್ರಯೋಜನ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ ಇದು ಸಣ್ಣ ಲಾಭ.

ದೊಡ್ಡ ಲಾಭ ಬೇರೆ. ಈ ಉಪಕರಣ ಮಾತಾಡುವುದು ನಿಮ್ಮ ಯಂತ್ರದಲ್ಲಿ ಇರುವ ಆವೃತ್ತಿಯ ಬಗ್ಗೆ.

ಅದೇ ಗಾಡಿ ನಂಬರಿನ ಲೆಕ್ಕವನ್ನೇ ನೋಡಿ. ಸರಿಯಾದ ದಾರಿ, ಮುಂದಿನ ತುಂಡನ್ನು ಇಡಿಯಾಗಿ ತೆಗೆಯುವ ‘ರಿಮೂವ್‌ಪ್ರಿಫಿಕ್ಸ್’. ಚಾಟ್‌ಬಾಟ್ ಕೇಳಿದರೂ ಇದನ್ನೇ ಹೇಳೀತು. ಆದರೆ ಇದು ಬಂದದ್ದು 2020ರ ಅಕ್ಟೋಬರ್‌ನ ಪೈಥಾನ್ 3.9ರಲ್ಲಿ. ಉಬುಂಟು ಲಿನಕ್ಸ್‌ನ 20.04 ಆವೃತ್ತಿಯ ಜೊತೆ ಬರುವುದು 3.8. ಗಿರಾಕಿಯ ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದ ಸರ್ವರ್‌ನಲ್ಲಿ ಅದೇ ಇದ್ದರೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ ಕೋಡ್ ಅಲ್ಲಿ ಬೀಳುತ್ತದೆ. ಆ ಸರ್ವರ್‌ನಲ್ಲೇ, ಹೆಸರನ್ನು ಕೋಟ್ ಒಳಗೆ ಹಾಕಿ ಹೆಲ್ಪ್ ಕೇಳಿದರೆ ‘ಇದರ ಬಗ್ಗೆ ಮಾಹಿತಿ ಸಿಗಲಿಲ್ಲ’ ಎನ್ನುತ್ತದೆ. ಹೊಸಬರು ಇದನ್ನು ಹೆಲ್ಪ್ ಕೆಲಸ ಮಾಡಲಿಲ್ಲ ಎಂದುಕೊಳ್ಳುತ್ತಾರೆ. ಅಲ್ಲ ಮಾರಾಯ್ರೇ, ಅದೇ ಉತ್ತರ. ಆ ಯಂತ್ರದಲ್ಲಿ ಆ ಫಂಕ್ಷನ್ ಇಲ್ಲ. ನೆಟ್‌ನಲ್ಲಿ ಸಿಗುವ ಹೆಚ್ಚಿನ ಉತ್ತರಗಳು ಪುತ್ತೂರಿಗೆ ಹೋಗುವವನಿಗೆ ಕಾರ್ಕಳ ಬಸ್ಸಿನ ಟೈಮ್ ಹೇಳಿದ ಹಾಗೆ. ಟೈಮ್ ಸರಿಯೇ ಇರುತ್ತದೆ, ಬಸ್ಸು ಮಾತ್ರ ಬೇರೆ.

ಹೆಲ್ಪ್ ಕೊಟ್ಟದ್ದನ್ನು ಓದುವುದಕ್ಕೂ ಸ್ವಲ್ಪ ರೂಢಿ ಬೇಕು. ಹೊಸಬರ ಕಣ್ಣು ನೇರ ಕೆಳಗಿನ ವಾಕ್ಯಕ್ಕೆ ಹೋಗುತ್ತದೆ. ನಾನು ಮೊದಲ ಸಾಲಿನಲ್ಲೇ ನಿಲ್ಲಿಸುತ್ತೇನೆ. ಫಂಕ್ಷನ್ನಿನ ಹೆಸರು, ಬ್ರ್ಯಾಕೆಟ್, ಒಳಗೆ ಏನೇನು ಕೊಡಬಹುದು ಎಂಬ ಪಟ್ಟಿ ಇರುವ ಸಾಲು ಅದು. ಅದರ ನಡುವೆ ಒಂದು ಓರೆ ಗೆರೆ ( / ) ಕಂಡರೆ, ಅದಕ್ಕಿಂತ ಮುಂಚೆ ಇರುವುದನ್ನು ಹೆಸರು ಹೇಳಿ ಕೊಡುವ ಹಾಗಿಲ್ಲ, ಕ್ರಮದಲ್ಲೇ ಕೊಡಬೇಕು. ನಕ್ಷತ್ರ ( * ) ಕಂಡರೆ ಉಲ್ಟಾ. ಅದರ ನಂತರದ್ದನ್ನು ಹೆಸರು ಹೇಳಿಯೇ ಕೊಡಬೇಕು. ಪಟ್ಟಿಗಳ ‘ಸಾರ್ಟ್’ ನೋಡಿದರೆ ಎರಡೂ ಇವೆ. ಕೆಳಗಿನ ಮೊದಲ ವಾಕ್ಯದಲ್ಲಿ ಇನ್ನೊಂದು ಮಾತು ಇದೆ: ಇದು ಪಟ್ಟಿಯನ್ನು ಏರಿಕೆ ಕ್ರಮಕ್ಕೆ ತರುತ್ತದೆ, ವಾಪಸ್ ಕೊಡುವುದು ‘ನನ್’, ಅಂದರೆ ಏನೂ ಇಲ್ಲ. ‘ಸಾರ್ಟ್ ಮಾಡಿದ ಮೇಲೆ ನನ್ನ ಪಟ್ಟಿಯೇ ಮಾಯ ಆಯಿತು’ ಎಂದು ಬರುವವರ ಸಮಸ್ಯೆ ಈ ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ಅಂದ ಹಾಗೆ, ಉದ್ದದ ಹೆಲ್ಪ್ ತೆರೆದಾಗ ಹೊರಗೆ ಬರುವುದು ಹೇಗೆ ಎಂದು ಗೊತ್ತಾಗದೆ ಇಡೀ ವಿಂಡೋವನ್ನೇ ಮುಚ್ಚುವವರಿದ್ದಾರೆ. ಕ್ಯೂ ಒತ್ತಿದರೆ ಸಾಕು. ಲಿನಕ್ಸ್‌ನಲ್ಲಾದರೆ ಓರೆ ಗೆರೆ ಒತ್ತಿ ಪದ ಬರೆದು ಎಂಟರ್ ಒತ್ತಿದರೆ ಹುಡುಕುತ್ತದೆ, ಎನ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ಇಷ್ಟು ಗೊತ್ತಿಲ್ಲದೆಯೇ ಎಷ್ಟೋ ಜನ ಈ ಉಪಕರಣವನ್ನು ಕೈಬಿಟ್ಟಿದ್ದಾರೆ ಎಂದು ನನಗೆ ಅನುಮಾನ.

ಇದೆಲ್ಲ ಹೊಸದಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಗೆ 1971ರ ನವೆಂಬರ್ 3ರ ದಿನಾಂಕ ಇದೆ. ಯೂನಿಕ್ಸ್, ಲಿನಕ್ಸ್ ಯಂತ್ರಗಳಲ್ಲಿ ‘ಮ್ಯಾನ್’ ಎಂಬ ಕಮಾಂಡು ಕೊಟ್ಟರೆ ತೆರೆಯುವ ಇವತ್ತಿನ ಕೈಪಿಡಿ ಪುಟಗಳ ಅಚ್ಚು ಅಲ್ಲಿಂದ ಬಂದದ್ದು. ಸಿ ಭಾಷೆ ಕಲಿಯುವವರಿಗೆ ಇದರಲ್ಲಿ ಒಂದು ಹೊಂಡ ಇದೆ. ‘ಮ್ಯಾನ್ ಪ್ರಿಂಟ್‌ಎಫ್’ ಎಂದರೆ ಬರುವುದು ಶೆಲ್ಲಿನ ಪ್ರಿಂಟ್‌ಎಫ್, ಸಿ ಭಾಷೆಯದ್ದಲ್ಲ. ಮೊದಲ ವಿಭಾಗ ಕಮಾಂಡುಗಳಿಗೆ, ಮೂರನೆಯದು ಲೈಬ್ರರಿ ಫಂಕ್ಷನ್‌ಗಳಿಗೆ. ಆದ್ದರಿಂದ ಮ್ಯಾನ್ ಮತ್ತು ಹೆಸರಿನ ನಡುವೆ 3 ಎಂದು ಸೇರಿಸಬೇಕು. ಪೈಥಾನ್‌ನ ಹೆಲ್ಪ್‌ನ ಹಿಂದೆ ಕೆಲಸ ಮಾಡುವ ‘ಪೈಡಾಕ್’ ಅನ್ನು ಬರೆದವರು ಕಾ-ಪಿಂಗ್ ಯೀ, ಅದು ಭಾಷೆಗೆ ಸೇರಿದ್ದು 2001ರ 2.1 ಆವೃತ್ತಿಯಲ್ಲಿ. ಪರ್ಲ್ ಭಾಷೆಗೆ ಪರ್ಲ್‌ಡಾಕ್ ಇದೆ, ರೂಬಿ ಭಾಷೆಗೆ ಆರ್‌ಐ ಇದೆ. ಆರ್ ಮತ್ತು ಜೂಲಿಯಾ ಭಾಷೆಗಳಲ್ಲಿ ಸುಮ್ನೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೆಸರು ಬರೆದರೆ ಆಯಿತು. ಆರ್‌ನಲ್ಲಿ ‘ಎಕ್ಸಾಂಪಲ್’ ಎಂದರೆ ಉದಾಹರಣೆಗಳು ಅಲ್ಲೇ ಓಡಿ ತೋರಿಸುತ್ತವೆ. ಮಣಿಪಾಲದಲ್ಲಿ ಅಂಕಿಅಂಶ ಕಲಿಯುವ ಮಕ್ಕಳಿಗೆ ನಾನು ಮೊದಲು ತೋರಿಸುವುದೇ ಇದನ್ನು. ರಸ್ಟ್‌ನಲ್ಲಿ ‘ರಸ್ಟ್‌ಅಪ್ ಡಾಕ್’ ಎಂದರೆ ಯಂತ್ರದಲ್ಲಿರುವ ಇಡೀ ಕೈಪಿಡಿ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ಗೆ ಮಾತ್ರ ಇಂಥದ್ದೊಂದು ಜೊತೆಗೆ ಬರುವುದಿಲ್ಲ. ಅದನ್ನು ಓಡಿಸುವ ‘ನೋಡ್’ನಲ್ಲಿ ‘.ಹೆಲ್ಪ್’ ಎಂದರೆ ಆ ಕನ್ಸೋಲಿನದ್ದೇ ನಾಲ್ಕಾರು ಕಮಾಂಡು ಹೇಳುತ್ತದೆ, ಭಾಷೆಯ ಬಗ್ಗೆ ಒಂದು ಮಾತೂ ಇಲ್ಲ.

ಇವೆಲ್ಲದರ ಪೈಕಿ ನನಗೆ ಹೆಚ್ಚು ಇಷ್ಟ ಗೋ ಭಾಷೆಯದ್ದು. ಮೇಲಿನ ಎಲ್‌ಸ್ಟ್ರಿಪ್‌ನ ಹೊಂಡ ಗೋದಲ್ಲೂ ಇದೆ, ‘ಟ್ರಿಮ್‌ಲೆಫ್ಟ್’ ಎಂಬ ಹೆಸರಲ್ಲಿ. ಆದರೆ ‘ಗೋ ಡಾಕ್’ ಕೇಳಿದರೆ ಅದು ಅಕ್ಷರಗಳ ಗುಂಪನ್ನು ತೆಗೆಯುತ್ತದೆ ಎಂದು ಹೇಳಿ, ಮುಂದಿನ ತುಂಡನ್ನೇ ತೆಗೆಯಬೇಕಾದರೆ ‘ಟ್ರಿಮ್‌ಪ್ರಿಫಿಕ್ಸ್’ ಬಳಸಿ ಎಂದು ದಾರಿಯನ್ನೂ ತೋರಿಸುತ್ತದೆ. ಪೈಥಾನ್‌ನ ಆನ್‌ಲೈನ್ ಕೈಪಿಡಿಯಲ್ಲೂ ಈ ಎಚ್ಚರಿಕೆ ಇದೆ. ಆದರೆ ಹೆಲ್ಪ್ ಕೊಡುವ ಎರಡು ಸಾಲಿನಲ್ಲಿ ಇಲ್ಲ. ಹೆಲ್ಪ್ ಅಂದರೆ ಪೂರ್ತಿ ಕೈಪಿಡಿ ಅಲ್ಲ. ಕೋಡಿನ ಒಳಗೆ ಬರೆದಿಟ್ಟ ಟಿಪ್ಪಣಿಯನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ಬರೆದವರು ಜಿಪುಣರಾದರೆ ಸಿಗುವುದೂ ಅಷ್ಟೇ.

ಕೆಲವೊಮ್ಮೆ ಅದೂ ಸಿಗುವುದಿಲ್ಲ. ಸಾಫ್ಟ್‌ವೇರನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಕಟ್ಟಾಗಿ ಸಾಗಿಸುವ ಡಾಕರ್‌ನ ಸಣ್ಣ ಇಮೇಜುಗಳಲ್ಲಿ (ಅಂದರೆ ಆ ಕಟ್ಟುಗಳಲ್ಲಿ) ಜಾಗ ಉಳಿಸಲು ಮ್ಯಾನ್ ಪುಟಗಳನ್ನು ತೆಗೆದಿರುತ್ತಾರೆ. ಡೆಬಿಯನ್ ಲಿನಕ್ಸ್‌ನಲ್ಲಿ ಪರ್ಲ್‌ನ ದಾಖಲೆ ಬೇರೆಯೇ ಪ್ಯಾಕೇಜ್. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಒಮ್ಮೆ ‘ಅಪ್‌ಡೇಟ್-ಹೆಲ್ಪ್’ ಕೊಡದಿದ್ದರೆ ‘ಗೆಟ್-ಹೆಲ್ಪ್’ ಬರೀ ಅಸ್ಥಿಪಂಜರ ತೋರಿಸುತ್ತದೆ. ನೆಟ್ ಇದ್ದಾಗಲೇ ಇವನ್ನು ಹಾಕಿಸಿಕೊಳ್ಳಿ.

ಪೈಡಾಕ್ ಬಗ್ಗೆ ಒಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. ಅದು ಫೈಲನ್ನು ಸುಮ್ನೆ ಓದುವುದಿಲ್ಲ, ಇಂಪೋರ್ಟ್ ಮಾಡುತ್ತದೆ. ಅಂದರೆ ಫೈಲಿನ ಹೊರಪದರದಲ್ಲಿರುವ ಕೋಡ್ ಎಲ್ಲ ಓಡುತ್ತದೆ. ಗಿರಾಕಿಗಳಿಗೆಲ್ಲ ಬಾಕಿ ಹಣದ ಎಸ್‌ಎಂಎಸ್ ಕಳಿಸುವ ಸ್ಕ್ರಿಪ್ಟ್ ಬರೆದಿದ್ದೀರಿ, ಅದರಲ್ಲಿ ‘ಫೈಲನ್ನು ನೇರ ಓಡಿಸಿದಾಗ ಮಾತ್ರ ಕೆಲಸ ಮಾಡು’ ಎನ್ನುವ, ‘ಮೇನ್’ ಎಂದು ಹೆಸರು ನೋಡುವ ಷರತ್ತು ಹಾಕಿಲ್ಲ ಎಂದುಕೊಳ್ಳಿ. ಅದರ ಬಗ್ಗೆ ಪೈಡಾಕ್ ಕೇಳಿದರೆ ಮಾಹಿತಿಯೂ ಬರುತ್ತದೆ, ಎಸ್‌ಎಂಎಸ್‌ಗಳೂ ಹೋಗುತ್ತವೆ! ಗೋ ಡಾಕ್‌ಗೆ ಈ ರೋಗ ಇಲ್ಲ, ಅದು ಮೂಲ ಕೋಡನ್ನು ಓದುತ್ತದೆ ಅಷ್ಟೇ.

ಚಾಟ್‌ಬಾಟ್ ಇರುವಾಗ ಇದೆಲ್ಲ ಯಾಕೆ ಎಂದು ಈಗ ಎಲ್ಲರೂ ಕೇಳುತ್ತಾರೆ. ನಾನೂ ಚಾಟ್‌ಬಾಟ್ ಬಳಸುತ್ತೇನೆ. ಯಾವ ಫಂಕ್ಷನ್ ಬೇಕು ಎಂದೇ ಗೊತ್ತಿಲ್ಲದಾಗ ಅದರಷ್ಟು ಬೇಗ ದಾರಿ ತೋರುವುದು ಇನ್ನೊಂದಿಲ್ಲ. ಹೆಸರು ಗೊತ್ತಿಲ್ಲದವನಿಗೆ ಹೆಲ್ಪ್ ಹೆಚ್ಚು ಸಹಾಯ ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಹೆಸರು ಸಿಕ್ಕಿದ ಮೇಲೆ ಹೆಲ್ಪ್‌ನಲ್ಲಿ ಒಮ್ಮೆ ನೋಡಿ. ಬ್ರ್ಯಾಕೆಟ್ ಒಳಗೆ ಇಲ್ಲದ ಆರ್ಗ್ಯುಮೆಂಟ್ ಒಂದನ್ನು ಚಾಟ್‌ಬಾಟ್ ಧೈರ್ಯವಾಗಿ ಸೇರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಧ ನಿಮಿಷದ ಕೆಲಸ, ಅಲ್ವಾ?

ನಿಮ್ಮದೇ ಫಂಕ್ಷನ್‌ಗಳಿಗೂ ಇದೇ ಹೆಲ್ಪ್ ಕೆಲಸ ಮಾಡುತ್ತದೆ ಎಂಬುದನ್ನು ತುಂಬ ಜನ ಗಮನಿಸಿರುವುದಿಲ್ಲ. ಫಂಕ್ಷನ್ನಿನ ಮೊದಲ ಸಾಲಾಗಿ ಮೂರು ಕೋಟ್‌ಗಳ ನಡುವೆ ಬರೆದದ್ದೇ ಡಾಕ್‌ಸ್ಟ್ರಿಂಗ್. ಹೆಲ್ಪ್ ಕೇಳಿದಾಗ ಬರುವುದೂ ಅದೇ. ಪೈಥಾನ್ 3ರ ಫೈಲುಗಳು ಹೇಗೂ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8, ಆದ್ದರಿಂದ ಕನ್ನಡದಲ್ಲೇ ಬರೆಯಬಹುದು. ಅಡಿಕೆ ಖರೀದಿಯ ಸಾಫ್ಟ್‌ವೇರ್ ಒಂದರಲ್ಲಿ ನಾವು ಹಾಗೆ ಮಾಡಿದ್ದೇವೆ. ಯಾವ ಮಾಲು ಹೊಸತು, ಯಾವುದು ಹಳತು, ದರ ಯಾವಾಗ ಬದಲಾಗುತ್ತದೆ ಎಂಬ ನಿಯಮಗಳು ಇರುವುದೇ ಕನ್ನಡದಲ್ಲಿ, ಅಂಗಡಿಯವರ ಬಾಯಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದರೆ ಓದಿ ಸರಿ ತಪ್ಪು ಹೇಳುವವರು ಯಾರೂ ಇರುವುದಿಲ್ಲ. ಈಗ ಪುಟ ತೆರೆದು ಕೊಟ್ಟರೆ ಅಂಗಡಿಯವರೇ ಓದಿ, “ಇದು ಹೀಗಲ್ಲ, ಹೋದ ವರ್ಷವೇ ಬದಲಾಗಿದೆ” ಎಂದು ತಿದ್ದುತ್ತಾರೆ. ವಿಂಡೋಸ್‌ನ ಹಳೆಯ ಕಪ್ಪು ಕಿಟಕಿಯಲ್ಲಿ ಮಾತ್ರ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅದಕ್ಕೆ ಪೈಡಾಕ್ ಜೊತೆ ‘-ಬಿ’ ಎಂದು ಕೊಡಿ. ಬ್ರೌಸರ್‌ನಲ್ಲಿ ತೆರೆಯುತ್ತದೆ, ಕನ್ನಡ ಸರಿಯಾಗಿ ಓದಬಹುದು.