ಗಿರ್ಮಿಟ್‌ಗೆ 38, ಅವಲಕ್ಕಿಗೆ 21: ಅವಲಕ್ಕಿ ನಿಲ್ಲಿಸಬೇಕೆ?

ಪ್ರಶ್ನೆ: ಹುಬ್ಬಳ್ಳಿಯೊಳಗ ನಮ್ಮದೊಂದು ಸಣ್ಣ ಚಾದಂಗಡಿ ಐತ್ರಿ. ಸಂಜಿಮುಂದ ಬಂದ 120 ಗಿರಾಕಿಗಳಿಗೆ ಯಾವುದು ಇಷ್ಟ ಅಂತ ಕೇಳಿದ್ವಿ. ಗಿರ್ಮಿಟ್ 38, ಮಿರ್ಚಿ 35, ಉಳ್ಳಾಗಡ್ಡಿ ಭಜಿ 26, ಅವಲಕ್ಕಿ 21 ಬಂತು. ಅವಲಕ್ಕಿ ಬಂದ್ ಮಾಡಬಹುದೇನ್ರಿ?

ಉತ್ತರ: ಇಷ್ಟರ ಮೇಲೇ ಬಂದ್ ಮಾಡಬೇಡಿ. 38ಕ್ಕೂ 21ಕ್ಕೂ ಅಂತರ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ನಾಲ್ಕೂ ತಿನಿಸು ಜನರಿಗೆ ಒಂದೇ ಸಮ ಇಷ್ಟವಿದ್ದರೂ ಸರಿಯಾಗಿ ಮೂವತ್ತು ಮೂವತ್ತು ಬರುವುದಿಲ್ಲ, ಏರುಪೇರು ಇದ್ದೇ ಇರುತ್ತದೆ. ಎಷ್ಟು ಏರುಪೇರಾದರೆ ಅದನ್ನು ಆಕಸ್ಮಿಕ ಎನ್ನಲಾಗದು? ಅದನ್ನಳೆಯಲು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ದಾರಿಯೇ ಕೈ-ಸ್ಕ್ವೇರ್ ಪರೀಕ್ಷೆ.

ಬಂದ ಸಂಖ್ಯೆಗೂ ನಿರೀಕ್ಷಿತ 30ಕ್ಕೂ ಇರುವ ವ್ಯತ್ಯಾಸದ ವರ್ಗ ಮಾಡಿ, 30ರಿಂದ ಭಾಗಿಸಿ, ನಾಲ್ಕನ್ನೂ ಕೂಡಿಸಿ. 64, 25, 16, 81 ಸೇರಿ 186, ಭಾಗಿಸಿದರೆ 6.2. ಮೂರು ಸಂಖ್ಯೆ ಗೊತ್ತಾದರೆ ನಾಲ್ಕನೆಯದು ತಾನೇ ಗೊತ್ತಾಗುವುದರಿಂದ ಕೈ-ಸ್ಕ್ವೇರ್ ಕೋಷ್ಟಕದಲ್ಲಿ 3ರ ಸಾಲು ನೋಡಬೇಕು. ಅಲ್ಲಿ ಶೇ 5ರ ಮಿತಿ, ಅಂದರೆ ನಾಲ್ಕೂ ಸಮ ಇಷ್ಟವಿದ್ದಾಗ ನೂರರಲ್ಲಿ ಸುಮಾರು ಐದು ಸಲ ಮಾತ್ರ ದಾಟುವ ಅಂಕಿ, 7.815. ನಿಮ್ಮದು ಅದನ್ನು ದಾಟಿಲ್ಲ, ಅಂದರೆ ಈ ಏರುಪೇರು ಆಕಸ್ಮಿಕವೂ ಆಗಿರಬಹುದು.

ಹಾಗಂತ ನಾಲ್ಕೂ ಸಮ ಎಂದು ಸಾಬೀತಾಗಿಲ್ಲ. ಇದೇ ಪ್ರಮಾಣ 240 ಮಂದಿಯಲ್ಲಿ ಬಂದಿದ್ದರೆ ಉತ್ತರ 12.4 ಆಗಿ ಮಿತಿ ದಾಟುತ್ತಿತ್ತು. ಅದಕ್ಕೇ ಶೇಕಡಾವಾರು ಹಾಕಿ ಈ ಲೆಕ್ಕ ಮಾಡುವಂತಿಲ್ಲ, ತಲೆ ಎಣಿಕೆಯೇ ಬೇಕು.

ನನ್ನ ಅನುಮಾನ ಮಾತ್ರ ಬೇರೆ ಕಡೆ. ಹುಬ್ಬಳ್ಳಿಯಲ್ಲಿ ಮಿರ್ಚಿ ಇಲ್ಲದೆ ಬರೀ ಗಿರ್ಮಿಟ್ ತಿನ್ನುವವರು ಎಷ್ಟು ಮಂದಿ? ಮೊತ್ತ 120ಕ್ಕೆ ಸರಿಹೋಗಿದೆ, ಅಂದರೆ ಒಬ್ಬರಿಗೆ ಒಂದೇ ಗೀಟು ಹಾಕಿದ್ದೀರಿ. ಎರಡೂ ಬೇಕೆಂದವರನ್ನು ಯಾವ ಕಡೆ ಬರೆದಿರಿ? ಮೊದಲು ಬಾಯಿಗೆ ಬಂದ ಹೆಸರನ್ನೇ ಬರೆದಿದ್ದರೆ ಮಿರ್ಚಿಗೆ ಅನ್ಯಾಯವಾಗಿರಬಹುದು. ‘ಒಂದs ಪ್ಲೇಟ್ ಅಂದ್ರ ಯಾವುದು?’ ಎಂದು ಕೇಳಿ. ಕಾಲೇಜು ಹುಡುಗರ ಗುಂಪಿನಲ್ಲಿ ಒಬ್ಬ ಹೇಳಿದ್ದಕ್ಕೆ ಉಳಿದವರೆಲ್ಲ ‘ನಂಗೂ ಅದs’ ಅಂದರೆ ಅವನ್ನು ಬೇರೆಬೇರೆ ಉತ್ತರವೆಂದು ಎಣಿಸುವುದೂ ತಪ್ಪು. ಈ ಪರೀಕ್ಷೆಗೆ ಒಬ್ಬರ ಉತ್ತರ ಇನ್ನೊಬ್ಬರದನ್ನು ಎಳೆಯಬಾರದು.

ಇನ್ನು, ನಿರೀಕ್ಷೆ ಎಲ್ಲಕ್ಕೂ ಸಮವೇ ಇರಬೇಕೆಂದಿಲ್ಲ. ಯಾವುದರದೂ 5ಕ್ಕಿಂತ ಕಡಿಮೆಯಾಗದಿದ್ದರೆ ಸಾಕು. ಈಗ ನೀವು ಇದೇ ಕ್ರಮದಲ್ಲಿ 40, 40, 20, 20 ಪ್ಲೇಟ್ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನೇ ನಿರೀಕ್ಷೆಯಾಗಿ ಇಟ್ಟರೆ ಉತ್ತರ ಬರೀ 2.575. ಆಗ ಅವಲಕ್ಕಿಯ ಪಾತೇಲಿ ಒಲೆಯಿಂದ ಇಳಿಸಲು ಈ ಅಂಕಿಗಳಲ್ಲಿ ಕಾರಣವೇ ಸಿಗುವುದಿಲ್ಲ.