120 ರೋಲಿಗೆ ಯಾವ ಕ್ಯಾಮೆರಾ? ಮೊದಲು ಶಟರ್ ನೋಡಿ

ಮೀಡಿಯಂ ಫಾರ್ಮ್ಯಾಟ್ (ಮಾಮೂಲಿ 35 ಎಂಎಂಗಿಂತ ಅಗಲವಾದ 120 ಫಿಲ್ಮ್ ರೋಲಿನ ಕ್ಯಾಮೆರಾ) ಅಂದ ಕೂಡಲೇ ಎಲ್ಲರೂ ನೆಗೆಟಿವ್ ಅಳತೆಯ ಮಾತು ತೆಗೆಯುತ್ತಾರೆ. ಅದನ್ನು ಬೇಗ ಮುಗಿಸೋಣ. ಒಂದು 120 ರೋಲಿನಲ್ಲಿ 6×4.5 ಸೆಂಟಿಮೀಟರ್ ಆದರೆ 15 ಅಥವಾ 16 ಚಿತ್ರ, 6×6 ಆದರೆ 12, 6×7 ಆದರೆ 10. 6×6ರ ನಿಜವಾದ ಅಳತೆ ಸುಮಾರು 56×56 ಮಿಲಿಮೀಟರ್. ಮಾಮೂಲಿ 35 ಎಂಎಂ ನೆಗೆಟಿವ್‌ಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ. ದೊಡ್ಡ ಪ್ರಿಂಟ್ ಹಾಕಿದರೂ ಗ್ರೇನ್ (ಫಿಲ್ಮಿನ ಕಾಳಿನಂಥ ಚುಕ್ಕಿ) ಎದ್ದು ಕಾಣದಿರುವುದು ಇದಕ್ಕೇ.

ನಮ್ಮ ಕಲಬುರಗಿ, ಬೀದರ್ ಕಡೆಯವರಿಗೆ ಇದಕ್ಕಿಂತ ಮುಖ್ಯವಾದದ್ದು ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಬಾಗಿಲು, ಎಲ್ಲಿದೆ ಅನ್ನುವುದು. ಯಾಶಿಕಾ ಮ್ಯಾಟ್, ರೋಲಿಫ್ಲೆಕ್ಸ್, ಹ್ಯಾಸಲ್‌ಬ್ಲಾಡ್ 500ಸಿ, ಮಾಮಿಯಾ ಆರ್‌ಬಿ67 ಕ್ಯಾಮೆರಾಗಳಲ್ಲಿ ಅದು ಲೆನ್ಸ್ ಒಳಗೇ ಇರುತ್ತದೆ. ಇದು ಲೀಫ್ ಶಟರ್. ಪೆಂಟಾಕ್ಸ್ 67, ಮಾಮಿಯಾ 645ರಲ್ಲಿ ಫಿಲ್ಮಿನ ಮುಂದೆ ಪರದೆ ಓಡುತ್ತದೆ.

ಏಪ್ರಿಲ್ ಮಧ್ಯಾಹ್ನ ಕಲಬುರಗಿ ಕೋಟೆಯಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿ. ಬಿಸಿಲು ನೆತ್ತಿಗೆ ಬಡಿಯುತ್ತದೆ, ಕಣ್ಣಿನ ಕೆಳಗೆ ಕರಿ ನೆರಳು. ಮುಖ ಕಾಣಲು ಫ್ಲ್ಯಾಶ್ ಬೇಕು. ಐಎಸ್‌ಒ 100 ಫಿಲ್ಮಿಗೆ ಈ ಬಿಸಿಲಲ್ಲಿ ಲೆಕ್ಕ ಎಫ್/16 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ 1/125 ಸೆಕೆಂಡ್. ಆದರೆ ಪೆಂಟಾಕ್ಸ್ 67ರ ಪರದೆ ಫ್ಲ್ಯಾಶ್ ಜೊತೆ ಹೊಂದುವುದು 1/30ರವರೆಗೆ ಮಾತ್ರ. ಬೆಳಕು ಎರಡು ಸ್ಟಾಪ್ ಜಾಸ್ತಿಯಾಗಿ ನಾಲ್ಕು ಪಟ್ಟಾಯಿತು, ಅಂದರೆ ಎಫ್/32 ಬೇಕು. ಅದರ 105 ಎಂಎಂ ಲೆನ್ಸ್ ಎಫ್/22ಕ್ಕೇ ನಿಲ್ಲುತ್ತದೆ. ಲೀಫ್ ಶಟರ್ ಎಲ್ಲ ವೇಗದಲ್ಲೂ ಫ್ಲ್ಯಾಶ್ ಜೊತೆ ಹೊಂದುತ್ತದೆ, ಹಾಗಾಗಿ ಯಾಶಿಕಾ ಮ್ಯಾಟ್‌ನಲ್ಲಿ 1/500, ಎಫ್/8 ಇಟ್ಟರೆ ಕೆಲಸ ಮುಗಿಯಿತು. ಎಫ್/8 ಆದ್ದರಿಂದ ಅದೇ ಫ್ಲ್ಯಾಶ್ ಎಫ್/16ಕ್ಕಿಂತ ಎರಡು ಪಟ್ಟು ದೂರ ಮುಟ್ಟುತ್ತದೆ.

ಅದೇ ಕೋಟೆಯ ಜಾಮಾ ಮಸೀದಿಗೆ ಬನ್ನಿ. 1367ರದ್ದು. ತೆರೆದ ಅಂಗಳವೇ ಇಲ್ಲ, ಪೂರ್ತಿ ಮುಚ್ಚಿದ ಕಟ್ಟಡ. ಕಮಾನುಗಳ ನಡುವೆ ಬೆಳಕು ತೀರಾ ಕಡಿಮೆ. ಇಲ್ಲಿ ಯಾಶಿಕಾ ಮ್ಯಾಟ್, ರೋಲಿಫ್ಲೆಕ್ಸ್‌ನಂಥ ಎರಡು ಲೆನ್ಸಿನ ಕ್ಯಾಮೆರಾದ ಬೆಲೆ ಗೊತ್ತಾಗುತ್ತದೆ. ಅದರ ಕನ್ನಡಿ ಅಲುಗಾಡುವುದಿಲ್ಲ. ಕೊರಳ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದರೆ 1/15ರಲ್ಲೂ ಕೈಯಲ್ಲೇ ತೆಗೆಯಬಹುದು. ಪೆಂಟಾಕ್ಸ್ 67ರ ಕನ್ನಡಿ ಏಳುವ ಏಟಿಗೆ ಅದು ಕಷ್ಟ.

ಹಾಗಾಗಿ ಕಲಿಯುವವರಿಗೆ ನನ್ನ ಓಟು ಎರಡು ಲೆನ್ಸಿನ ಕ್ಯಾಮೆರಾಕ್ಕೇ. ಕುಂದು ಇಲ್ಲ ಅಂತಲ್ಲ. ಮೇಲಿನಿಂದ ಬಗ್ಗಿ ನೋಡುವಾಗ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಯಾಶಿಕಾ, ರೋಲಿಫ್ಲೆಕ್ಸ್‌ನಲ್ಲಿ ಲೆನ್ಸ್ ಬದಲಿಸಲು ಆಗುವುದಿಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾದ (1472) ಉಳಿದ ಒಂದೇ ಮಿನಾರ್ ಹಿಡಿಯಬೇಕೆಂದರೆ ಕ್ಯಾಮೆರಾ ಮೇಲಕ್ಕೆ ಎತ್ತಬೇಡಿ, ಮಿನಾರ್ ಹಿಂದಕ್ಕೆ ವಾಲಿದಂತೆ ಬರುತ್ತದೆ. ದೂರ ಸರಿದು ಕ್ಯಾಮೆರಾ ಮಟ್ಟವಾಗಿಟ್ಟು ತೆಗೆಯಿರಿ, ಕೆಳಗಿನ ನೆಲವನ್ನು ಪ್ರಿಂಟ್ ಹಾಕುವಾಗ ಕತ್ತರಿಸಿ. ಚೌಕ ನೆಗೆಟಿವ್‌ನಲ್ಲಿ ಅದಕ್ಕೆ ಜಾಗವಿದೆ.

ಬಿದರಿ ಹೂಜಿಯ ಬೆಳ್ಳಿ ಕುಸುರಿ ಹತ್ತಿರದಿಂದ ಬೇಕೇ? ಆಗ ಮಾತು ಬೇರೆ. ಯಾಶಿಕಾ ಸುಮಾರು ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ನೀವು ನೋಡುವ ಲೆನ್ಸ್ ಮೇಲೆ, ಚಿತ್ರ ತೆಗೆಯುವ ಲೆನ್ಸ್ ಕೆಳಗೆ, ಆದ್ದರಿಂದ ಹತ್ತಿರ ಹೋದಷ್ಟೂ ಚೌಕಟ್ಟು ತಪ್ಪುತ್ತದೆ. ಈ ಕೆಲಸಕ್ಕೆ ಬೆಲ್ಲೋಸ್ (ಲೆನ್ಸನ್ನು ಮುಂದಕ್ಕೆ ಒಯ್ಯುವ, ತಿದಿಯಂತೆ ಹಿಗ್ಗುವ ಮಡಿಕೆ) ಇರುವ ಆರ್‌ಬಿ67 ಸರಿ. ಬೆಲ್ಲೋಸ್ ಎಳೆದಷ್ಟೂ ಎಕ್ಸ್‌ಪೋಶರ್ ಹೆಚ್ಚಿಸಬೇಕು, ಅದರ ಅಳತೆಪಟ್ಟಿ ಕ್ಯಾಮೆರಾ ಪಕ್ಕದಲ್ಲೇ ಇದೆ. ಆದರೆ ಲೆನ್ಸ್ ಸೇರಿ ಎರಡೂವರೆ ಕೆಜಿ ದಾಟುತ್ತದೆ. ಹೊತ್ತುಕೊಂಡು ಯಾದಗಿರಿ ಕೋಟೆ ಹತ್ತುವವರು ಯೋಚಿಸಿ!

ಸಿಗುವುದು ಬಹುತೇಕ ಸೆಕೆಂಡ್ ಹ್ಯಾಂಡೇ. 1 ಸೆಕೆಂಡ್‌ಗೆ ಇಟ್ಟು ಕಿವಿಗೊಡಿ. ಎಣ್ಣೆ ಒಣಗಿದ್ದರೆ ಶಟರ್ ಎಳೆದಾಡುತ್ತದೆ, ಇಲ್ಲವೇ ತೆರೆದೇ ಉಳಿಯುತ್ತದೆ. ‘ಬಿ’ಗೆ (ಗುಂಡಿ ಒತ್ತಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ) ಇಟ್ಟು ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಡಿ, ನೂಲಿನಂಥ ಎಳೆ ಕಂಡರೆ ಫಂಗಸ್. ಯಾಶಿಕಾ 124ಜಿಯ ಮೀಟರ್ ಕೆಟ್ಟಿದ್ದರೆ ಚೌಕಾಸಿ ಮಾಡಿ, ಬಿಡಬೇಡಿ. ಅದು ಬೇಡುವ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಆದರೆ ಶಟರ್ ನಡೆಯುವುದು ಸ್ಪ್ರಿಂಗ್ ಮೇಲೆ. ಬೆಳಕನ್ನು ಮೊಬೈಲಲ್ಲೇ ಅಳೆಯಬಹುದು. ‘ಸುಮ್ನೆ ಬೀರುವಿನಲ್ಲಿತ್ತು ಸರ್, ಹೊಸದರಂಗೇ ಇದೆ’ ಅಂದರೆ ದುಡ್ಡು ಕೊಡುವ ಮೊದಲು ಒಂದು ರೋಲ್ ಹಾಕಿ ನೋಡಲು ಕೇಳಿ.